ಗ್ರೈಂಡರಿನ ಎದುರು

ಎರಡು ಡಬ್ಬಿಗಳಲ್ಲಿ ಒಂದನ್ನು ಮಧ್ಯಾಹ್ನದ ಬಸ್ಸಿಗೆ ಮೊದಲು ಆರಿಸಬೇಕಿತ್ತು. ವಸೀಂ ಅವನ್ನು ಅಪ್ಪನ ವೆಲ್ಡಿಂಗ್ ಶೆಡ್ಡಿನ ಕಬ್ಬಿಣದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಮುಟ್ಟದೆ, ಆಗಾಗ ಕಣ್ಣಲ್ಲೇ ಗದರಿಸುತ್ತ ಅತ್ತಿಂದಿತ್ತ ಓಡಾಡುತ್ತಿದ್ದ. ಒಂದು ಕೆಂಪು ಬಣ್ಣದ್ದು, ದುಂಡು ಮೂಲೆಯದು, ಹೊಳೆಯುವ ತಿರುಪುಗಳದ್ದು. ಇನ್ನೊಂದು ಬರೀ ಬೂದು ತಗಡು. ಯಾರೋ ಮನೆಯಲ್ಲೇ ಕೂತು ಸಿಟ್ಟಿನಲ್ಲಿ ಬೆಸುಗೆ ಹಾಕಿ ಮುಗಿಸಿದ ಹಾಗಿತ್ತು, ಹೆಸರಿಲ್ಲ, ಊರಿಲ್ಲ. ಕಾಲಿನಿಂದ ಒತ್ತಿದರೆ ಗಿಟಾರಿನ ತಂತಿಯ ಸಾಫಾದ ಸ್ವರವನ್ನು ಹರಿದು, ಅರ ಹಾಕಿ, ಒರಟು ಮಾಡಿ ಕೊಡುವ ಡಬ್ಬಿಗಳು ಇವು. ಫಜ್ ಪೆಡಲ್ ಎನ್ನುತ್ತಾರೆ. ಕಂಡದ್ದನ್ನೆಲ್ಲ ಮೊಬೈಲಿನಲ್ಲೇ ತರಿಸಿಕೊಂಡು ವಾರದೊಳಗೆ ಬೇಜಾರಾಗಿ ಮೂಲೆಗೆ ಎಸೆಯುವ ಮೇಗುಂದದ ದೀಪು ಎರಡನ್ನೂ ಕೊಟ್ಟು, "ಒಂದು ಇಟ್ಕೋ, ಒಂದು ವಾಪಸ್ ತಾ. ಕೆಂಪುದೇ ಒಳ್ಳೇದು ಮಾರಾಯ, ಇನ್ನೊಂದು ಕಣಜದ ಹುಳ ಡಬ್ಬಿಗೆ ಹೊಕ್ಕ ಹಾಗೆ ಕೂಗ್ತದೆ" ಎಂದಿದ್ದ. ಹೇಳುವಾಗ ನಕ್ಕಿದ್ದ. ಆ ನಗು ಕಣಜದ ಮೇಲೋ ತನ್ನ ಮೇಲೋ ಎಂದು ವಸೀಂ ಮೇಗುಂದದಿಂದ ಕೊಪ್ಪದವರೆಗೂ ಬಸ್ಸಿನ ಕಂಬಿ ಹಿಡಿದು ಯೋಚಿಸಿದ್ದ. ಯೋಚಿಸಿ ಯೋಚಿಸಿ ಕಂಬಿ ಹಿಡಿದ ಬೆರಳು ಬಿಳಿಚಿಕೊಂಡಿದ್ದವು. ಯಾರು ನಕ್ಕರೂ ಅವನಿಗೆ ಈಗ ಎನ್.ಆರ್. ಪುರ ನೆನಪಾಗುತ್ತಿತ್ತು.

ಎನ್.ಆರ್. ಪುರದ ಆ ಆರತಕ್ಷತೆಯಲ್ಲಿ ಅವನು ನಾಲ್ಕಾರು ಹಾಡುಗಳಿಗೆ ಮೈಮರೆತು ಬಾರಿಸಿದ್ದ. ಕಣ್ಣು ಮುಚ್ಚಿ, ತಲೆ ಕೊಡವಿ, ಬೆರಳ ತುದಿ ಸೀಳುವಷ್ಟು ಬಾರಿಸಿದ್ದ. ಮರುದಿನ ಮದುವೆಯವರ ಕಡೆಯ ಯಾರೋ ಹಾಕಿದ ವಿಡಿಯೋದಲ್ಲಿ ನೋಡಿದರೆ, ಎರಡನೆಯ ಹಾಡಿನ ನಡುವೆ ಗಿಟಾರಿನಿಂದ ಕಳಚಿಬಿದ್ದ ಕೇಬಲ್ಲು ಅವನ ಕಾಲ ಬಳಿ ಸತ್ತ ಹಾವಿನ ಹಾಗೆ ಬಿದ್ದಿತ್ತು. ಅವನು ಅದನ್ನು ತುಳಿದುಕೊಂಡೇ ಕುಣಿಯುತ್ತಿದ್ದ. ಹಾಡು ಕೆಡಲಿಲ್ಲ. ಡ್ರಮ್ಮು ತಡವರಿಸಲಿಲ್ಲ. ಊಟದ ಸಾಲಿನಲ್ಲಿದ್ದವರು ಒಬ್ಬರೂ ತಿರುಗಿ ನೋಡಲಿಲ್ಲ. ಗಿಟಾರಿನ ತುಣುಕುಗಳೆಲ್ಲ ಸರಿಯಾಗಿ ಬರುವ ಕಡೆ ಬರುತ್ತಲೇ ಇದ್ದವು, ಯಾಕೆಂದರೆ ಅವನ್ನು ಯೋಗೇಂದ್ರ ತನ್ನ ಕೀಬೋರ್ಡಿನಲ್ಲಿ ಬಾರಿಸುತ್ತಿದ್ದ. ಯೋಗೇಂದ್ರನ ಕೀಬೋರ್ಡಿನಲ್ಲಿ ಎಲ್ಲವೂ ಇತ್ತು: ಕೊಳಲು, ಶಹನಾಯಿ, ಪಿಟೀಲು, ಗಿಟಾರು. ತಂಡ ಅವನದ್ದು, ಸ್ಪೀಕರ್ ಅವನದ್ದು, ಎಲ್ಲರ ದನಿ ಏರಿಸುವ ಇಳಿಸುವ ಮಿಕ್ಸರ್ ಕೂಡ ಅವನ ಬಲಗೈಯ ಪಕ್ಕದಲ್ಲೇ. ಬ್ಯಾನರಿನಲ್ಲಿ ಕಲಾವಿದರು ಇಷ್ಟು ಜನ ಎಂದು ಹಾಕಿಸಿದ ಮೇಲೆ ಅಷ್ಟು ಜನ ಸ್ಟೇಜಿನ ಮೇಲೆ ನಿಲ್ಲಬೇಕಲ್ಲ. ಈ ಕಡೆಯ ಆರ್ಕೆಸ್ಟ್ರಾಗಳಲ್ಲಿ ಅದು ನಡೆದುಕೊಂಡು ಬಂದ ಪದ್ಧತಿ. ಬಾರಿಸುವವರು ಕೆಲವರು, ನಿಲ್ಲುವವರು ಕೆಲವರು. ತಾನು ಬಾರಿಸುವವನು ಎಂದು ವಸೀಂ ಅಲ್ಲಿಯವರೆಗೆ ತಿಳಿದಿದ್ದ.

"ನೋಡಿದ್ದೆ," ಎಂದಿದ್ದಳು ಭವ್ಯ. ನೆಮ್ಮಾರಿನ ಹುಡುಗಿ, ತಂಡದ ಹಾಡುಗಾರ್ತಿ, ಅವನ ಪಕ್ಕದಲ್ಲೇ ನಿಲ್ಲುವವಳು. "ಬಿದ್ದಿದ್ದು ನೋಡಿದ್ದೆ. ಹಾಡ್ತಾ ಇದ್ದೆನಲ್ಲ, ಹೇಗೆ ಹೇಳೋದು?"

"ಹಾಡು ಮುಗಿದ ಮೇಲೆ ಹೇಳ್ಬಹುದಿತ್ತು."

"ನೀನು ಅಷ್ಟು ಖುಷಿಯಲ್ಲಿದ್ದೆ, ಮಾರಾಯ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಪಾಪ ಎನ್ನುವ ಹಾಗೆ ಹೇಳಿದ್ದಳಲ್ಲ, ಅದಕ್ಕೆ ಅವಳ ಬಾಯಿಯನ್ನೇ ಮುಚ್ಚಿಬಿಡಬೇಕು ಅನ್ನಿಸಿ, ಎತ್ತಿದ ಕೈಯನ್ನು ತಾನೇ ಕಚ್ಚಿಕೊಂಡಿದ್ದ. ಯೋಗೇಂದ್ರ ಮಾತ್ರ ನೇರ ಮನುಷ್ಯ. "ಶೃಂಗೇರಿ ಪ್ರೋಗ್ರಾಮಲ್ಲೂ ನಿನ್ನ ಗಿಟಾರು ಕೇಳದಿದ್ರೆ ಇಳ್ದುಬಿಡು. ನಿನ್ನ ಜಾಗಕ್ಕೆ ಡ್ಯಾನ್ಸಿನ ಹುಡುಗಿ ಹಾಕ್ತೇನೆ. ಅವಳಿಗೆ ಕೇಬಲ್ಲೂ ಬೇಡ" ಎಂದಿದ್ದ. ಆ ಶೃಂಗೇರಿ ಪ್ರೋಗ್ರಾಮು ಇವತ್ತು.

ಶೆಡ್ಡಿನ ನಡುವೆ ಅವನ ಅಬ್ಬಾ, ರಜಾಕ್ ಸಾಹೇಬರು, ಗೇಟಿನ ಚೌಕಟ್ಟಿನ ಮೇಲೆ ಬಗ್ಗಿ ಕೊಯ್ಯಬೇಕಾದ ಪೈಪಿಗೆ ಗುರುತು ಹಾಕುತ್ತಿದ್ದರು. ರಜಾಕ್ ಸಾಹೇಬರ ಕೆಲಸ ಎಂದರೆ ಕೊಪ್ಪದ ಸುತ್ತ ಒಂದು ಹೆಸರಿತ್ತು. ಆ ಹೆಸರು ಗೇಟುಗಳ ಮೇಲಿತ್ತೇ ಹೊರತು ಮನೆಯೊಳಗೆ ಅವರು ಮಾತೇ ಆಡುತ್ತಿರಲಿಲ್ಲ. ಆಡಿದರೂ ಕೂಗಿ ಆಡುತ್ತಿದ್ದರು. ವರ್ಷಗಟ್ಟಲೆ ಕಬ್ಬಿಣ ಕೊಯ್ಯುವ ಗ್ರೈಂಡರಿನ ಪಕ್ಕ ಬದುಕಿದ ಕಿವಿಗಳು ಒಂದೊಂದೇ ಸ್ವರವನ್ನು ಕಳೆದುಕೊಂಡು, ಈಗ ಅಮ್ಮಿ ಅಡುಗೆ ಮನೆಯಿಂದ ಕರೆದರೂ ಕೇಳದು, ಅಜಾನ್ ಕೂಡ ಗಾಳಿ ಸರಿ ಇದ್ದರೆ ಮಾತ್ರ. ವಸೀಂ ಗಿಟಾರು ಹಿಡಿದು ಇಷ್ಟು ವರ್ಷವಾಯಿತು. ಅಬ್ಬಾ ಒಂದು ದಿನವೂ ಅದು ಚೆನ್ನಾಗಿದೆ ಎಂದಿಲ್ಲ, ಕೆಟ್ಟದಾಗಿದೆ ಎಂದೂ ಇಲ್ಲ. ಬಾರಿಸುವಾಗ ಎದುರಿಗೇ ಕೂತು ಬೀಡಿ ಹಚ್ಚಿ, ಮುಗಿದ ಮೇಲೆ, "ಶುರು ಮಾಡ್ಲಿಲ್ವಾ ಇನ್ನೂ?" ಎಂದು ಕೇಳಿದ್ದರು ಒಮ್ಮೆ. ಶಾಲೆಯಲ್ಲಿ ಹಾಗಲ್ಲ. ಶಾಲೆಯಲ್ಲಿ ಅವನು ಬೆಂಚಿನ ಮೇಲೆ ಬೆರಳಾಡಿಸಿದರೂ ಮೇಷ್ಟ್ರಿಗೆ ಕೇಳುತ್ತಿತ್ತು. ಡಸ್ಟರಿನ ಕಟ್ಟಿಗೆಯ ಕಡೆಯಿಂದ ಗೆಣ್ಣಿನ ಮೇಲೆ ಬಡಿದಿದ್ದರು, ಬಡಿಯುತ್ತಲೇ ಇದ್ದರು, ತಾಳ ಬೇಕಾ ನಿಂಗೆ, ತಾಳ ಬೇಕಾ. ಅವನು ಎದ್ದು ಆ ಕೈಯನ್ನು ಹಿಡಿದು ಹಲ್ಲು ಇಳಿಸಿದ್ದ. ಬಾಯಲ್ಲಿ ಸೀಮೆಸುಣ್ಣದ ರುಚಿ, ಅದರ ಹಿಂದೆ ಉಪ್ಪು. ಒಂಬತ್ತನೆಯ ಕ್ಲಾಸು ಅಲ್ಲಿಗೆ ಮುಗಿಯಿತು. ಅಬ್ಬಾ ಕಾರಣ ಕೇಳಲಿಲ್ಲ. ವೆಲ್ಡಿಂಗಿನ ಕಪ್ಪು ಗಾಜನ್ನು ಕೈಗೆ ಕೊಟ್ಟು, ಹಿಡಿದುಕೊಳ್ಳುವುದು ಹೀಗೆ ಎಂದು ತೋರಿಸಿದರು, ಅಷ್ಟೆ.

"ಎಂತ ಅದು, ಟಿಫಿನ್ ಡಬ್ಬಿಯಾ?" ಎಂದು ಹೂವಪ್ಪಗೌಡರು ಕೇಳಿದರು. ಗೇಟು ಅವರದ್ದು. ಸಿರಿಮನೆಯಿಂದ ಬೆಳಿಗ್ಗೆಯೇ ಜೀಪು ತಂದು, ಕೆಲಸ ಮುಗಿಯುವವರೆಗೆ ಕೂರುತ್ತೇನೆ ಎಂದು ಹಳೆಯ ಟೈರಿನ ಮೇಲೆ ಕೂತಿದ್ದರು. ಕೂತಲ್ಲಿಂದ ಎಲ್ಲವನ್ನೂ ನೋಡುವ, ನೋಡಿದ್ದಕ್ಕೆಲ್ಲ ಒಂದು ಮಾತು ಹೇಳುವ ಮನುಷ್ಯ.

"ಗಿಟಾರಿಗೆ ಹಾಕೋದು."

"ಹಾಕಿದ್ರೆ ಎಂತ ಆಗ್ತದೆ?"

"ಕೇಳ್ತದೆ."

"ಈಗ ಕೇಳೋದಿಲ್ವಾ?"

ವಸೀಂ ಆಂಪ್ಲಿಫೈಯರಿನ ವೈರನ್ನು ಅಬ್ಬಾ ಬಳಸುತ್ತಿದ್ದ ಬೋರ್ಡಿಗೇ ಸಿಕ್ಕಿಸಿದ. ರಾತ್ರಿಯೆಲ್ಲ ಮಲಗದೆ ಅವನಿಗೆ ಹೊಳೆದ ಉಪಾಯ ಇದು. ದೀಪುವಿನ ಕೋಣೆಯಲ್ಲಿ ಬಾರಿಸಿದಾಗ ಕೆಂಪು ಡಬ್ಬಿ ಗುಡುಗಿನ ಹಾಗಿತ್ತು. ಗೋಡೆಯೇ ಮೈಮೇಲೆ ಒರಗಿದ ಹಾಗೆ. ಆದರೆ ದೀಪುವಿನ ಕೋಣೆಯಲ್ಲಿ ದೀಪು ಬಿಟ್ಟರೆ ಯಾರಿದ್ದಾರೆ? ಡ್ರಮ್ಮಿಲ್ಲ, ರಿದಂ ಪ್ಯಾಡಿಲ್ಲ, ಯೋಗೇಂದ್ರನಿಲ್ಲ. ಒಂಟಿಯಾಗಿ ಇರುವ ಕಡೆ ಗಟ್ಟಿಯಾಗಿರುವುದು ಯಾವ ದೊಡ್ಡಸ್ತಿಕೆ. ಗದ್ದಲದ ಎದುರು ನಿಲ್ಲಿಸಿ ನೋಡಬೇಕು. ಗದ್ದಲ ಬೇಕೆಂದರೆ ಅವನ ಮನೆಗೆ ಬರಬೇಕು. ಅಬ್ಬಾನ ಗ್ರೈಂಡರ್ ಪೈಪಿನ ಮೇಲೆ ಇಳಿಯುವಾಗ ಪಕ್ಕದಲ್ಲಿ ನಿಂತವನ ಮಾತು ಪಕ್ಕದವನಿಗೆ ಕೇಳುವುದಿಲ್ಲ. ಅದರ ಎದುರು ಯಾವ ಡಬ್ಬಿ ಕೇಳುತ್ತದೋ ಅದೇ ಶೃಂಗೇರಿಗೆ.

ಅಬ್ಬಾ ಗ್ರೈಂಡರ್ ಹಚ್ಚಿದರು. ಡಿಸ್ಕಿಗೆ ಗಾರ್ಡ್, ಅಂದರೆ ಕೈ ಕಾಯುವ ತಗಡಿನ ಮುಚ್ಚಳ, ಇರಲಿಲ್ಲ. ಸಣ್ಣ ಸಂದಿಗೆ ಹೋಗುವುದಿಲ್ಲವೆಂದು ಈ ಊರಿನ ಎಲ್ಲ ಶೆಡ್ಡುಗಳಲ್ಲಿ ಹೊಸ ಮಿಷನ್ ತಂದ ದಿನವೇ ಗಾರ್ಡ್ ಬಿಚ್ಚಿ ಮೊಳೆಗೆ ನೇತುಹಾಕುತ್ತಾರೆ. ಕಿಡಿ ಬಾಗಿಲಿನವರೆಗೆ ಹಾರಿತು. ವಸೀಂ ಕೆಂಪು ಡಬ್ಬಿಯ ಮೇಲೆ ಕಾಲಿಟ್ಟು ತಂತಿ ಮೀಟಿದ. ಏನೂ ಇಲ್ಲ. ಮತ್ತೆ ಮೀಟಿದ, ಇನ್ನೂ ಬಲವಾಗಿ. ತಂತಿ ಮಸುಕಾಗಿ ನಡುಗುವುದು ಕಾಣುತ್ತಿತ್ತು, ಎದೆಗೆ ಒರಗಿದ ಕಟ್ಟಿಗೆ ಗುಂಯ್ ಎನ್ನುವುದು ಚರ್ಮಕ್ಕೆ ಗೊತ್ತಾಗುತ್ತಿತ್ತು, ಕಿವಿಗೆ ಮಾತ್ರ ಬರೀ ಗ್ರೈಂಡರ್. ತಿರುಪು ಪೂರಾ ಏರಿಸಿದ. ಗುಡುಗು, ಗೋಡೆ, ಎಲ್ಲ ಎಲ್ಲಿ ಹೋಯಿತು? ಹಸಿ ಮಣ್ಣಿಗೆ ನೀರು ಹೊಯ್ದ ಹಾಗೆ ಆ ಕಬ್ಬಿಣದ ಕಿರುಚಾಟ ಅದನ್ನು ಕುಡಿದುಬಿಟ್ಟಿತ್ತು. ಹೂವಪ್ಪಗೌಡರು ಟೈರಿನ ಮೇಲಿಂದ ಕೈ ಅಲ್ಲಾಡಿಸಿ, ಇಲ್ಲ, ಇಲ್ಲ ಎಂದು ಸನ್ನೆ ಮಾಡಿದರು. ಅವರ ಮುಖದಲ್ಲೂ ಆ ಪಾಪ ಎನ್ನುವ ಕಳೆ. ಕಾಲ ಬಳಿ ಕೇಬಲ್ಲು ಇದೆಯೋ ಬಿದ್ದಿದೆಯೋ ಎಂದು ವಸೀಂ ಬಗ್ಗಿ ನೋಡಿದ. ನೋಡಿದ್ದಕ್ಕೇ ತನ್ನ ಮೇಲೆ ಅಸಹ್ಯವಾಗಿ, ಕೆಂಪು ಡಬ್ಬಿಯನ್ನು ಒದ್ದ. ಅದು ಪೈಪುಗಳ ರಾಶಿಯ ಕೆಳಗೆ ಹೋಗಿ ಸೇರಿಕೊಂಡಿತು.

ಬೂದು ಡಬ್ಬಿಯನ್ನು ಅವನು ದ್ವೇಷದಿಂದಲೇ ಸಿಕ್ಕಿಸಿದ. ಮೊದಲ ಮೀಟಿಗೇ ಅದು ಬಂತು. ದೊಡ್ಡದಾಗಿ ಬರಲಿಲ್ಲ, ತೆಳ್ಳಗೆ, ಮೂಗಿನಲ್ಲಿ, ಗಂಟಲು ಹಿಸುಕಿದ ಮನುಷ್ಯ ಕೂಗುವ ಹಾಗೆ, ಗ್ರೈಂಡರಿನ ಗದ್ದಲದಲ್ಲಿ ಎಲ್ಲಿ ಒಂದು ಸೀಳು ಇತ್ತೋ ಅಲ್ಲಿಂದ ತಲೆ ಹಾಕಿ ಹೊರಗೆ ಬಂತು. ಹೂವಪ್ಪಗೌಡರು ಕಿವಿಗೆ ಬೆರಳಿಟ್ಟರು. ಹಾಂ, ಎಂದುಕೊಂಡ ವಸೀಂ. ಕೆಟ್ಟದ್ದು, ಕೊಳಕು, ಮುಖದ ಮೇಲೆ ಉಗಿದ ಹಾಗೆ, ಆದರೆ ಕೇಳುತ್ತದೆ. ಅವನ ಎದೆಯೊಳಗೆ ಇಷ್ಟು ದಿನ ಬಾಯಿ ಕಟ್ಟಿಸಿಕೊಂಡು ಕೂತಿದ್ದ ಏನೋ ಹಗ್ಗ ಹರಿದು ಎದ್ದಿತು. ಬೆರಳು ಗಿಟಾರಿನ ಕುತ್ತಿಗೆಯುದ್ದಕ್ಕೂ ಏರಿತು, ತುದಿಯ ಸಣ್ಣ ಸ್ವರದ ಮನೆಗಳಿಗೆ ಹೋಗಿ ತಂತಿಯನ್ನು ಮೇಲಕ್ಕೆ ನೂಕಿತು, ಸ್ವರ ಬಾಗಿ ಬಾಗಿ ಮೇಲೆ ಹೋಯಿತು. ಆಗ ಅಬ್ಬಾನ ಹೆಗಲು ಅಲುಗಿತು. ಕಿಡಿಯ ಹಿಂದೆ ಆ ಬಗ್ಗಿದ ತಲೆ ಒಂದಿಷ್ಟು ಎದ್ದಿತು. ಅಮ್ಮಿಯ ಕೂಗು ಕೇಳದ, ಅಜಾನ್ ಕೇಳದ ತಲೆ. ಕೇಳಿತು, ಅಬ್ಬಾಗೆ ಕೇಳಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆಮೇಲೆ ಎಷ್ಟು ಸಲ ಯೋಚಿಸಿದರೂ ಅವನು ಸುಳ್ಳು ಹೇಳಿಕೊಳ್ಳಲಾಗದ ಜಾಗ ಅದೊಂದೇ: ತಲೆ ಎದ್ದದ್ದನ್ನು ಅವನು ನೋಡಿದ್ದ, ನೋಡಿಯೇ ತಂತಿಯನ್ನು ಇನ್ನೊಂದು ಎಳೆ ಮೇಲಕ್ಕೆ ನೂಕಿದ್ದ.

ಅಬ್ಬಾ ಬೆಚ್ಚಿ ಹಿಂದಕ್ಕೆ ಸರಿದರು. ಪೈಪಿನೊಳಗಿದ್ದ ಡಿಸ್ಕು ಓರೆಯಾಗಿ ಸಿಕ್ಕಿ, ಇಡೀ ಮಿಷನ್ ಜೀವ ಬಂದ ಪ್ರಾಣಿಯಂತೆ ಅವರ ಕೈಯಿಂದ ಎಗರಿ, ತೊಡೆಯ ಮೇಲೆ ಇಳಿದು, ಅಲ್ಲಿಂದ ನೆಲಕ್ಕೆ ಬಿದ್ದು ತಿರುಗುತ್ತ ಓಡಿತು. ಪ್ಯಾಂಟಿನ ಬಟ್ಟೆ ಹೂವಿನ ಹಾಗೆ ಬಿಚ್ಚಿಕೊಂಡಿತ್ತು. ಒಂದು ಕ್ಷಣ ಒಳಗೆ ಬಿಳಿ ಕಂಡಿತು, ಆಮೇಲೆ ಕೆಂಪು ತುಂಬಿ ಬಂದು ಬಿಳಿಯನ್ನು ಮುಚ್ಚಿತು. ವಸೀಂ ಬೋರ್ಡಿನಿಂದ ವೈರುಗಳನ್ನು ಕಿತ್ತ. ಗ್ರೈಂಡರ್ ನಿಂತಿತು, ಗಿಟಾರೂ ನಿಂತಿತು. ಎರಡೂ ಒಟ್ಟಿಗೇ ನಿಂತವು ಎನ್ನುವುದನ್ನು ಹೂವಪ್ಪಗೌಡರು ಗಮನಿಸಿದರೋ ಇಲ್ಲವೋ. ಅವರು ಹೆಗಲ ಮೇಲಿನ ಟವೆಲ್ಲನ್ನು ಗಾಯಕ್ಕೆ ಬಿಗಿದು, "ಹಿಡ್ಕೋ ಆ ಕಡೆ, ಎಂತ ನೋಡ್ತಾ ನಿಂತಿದ್ದೀಯ" ಎಂದು ಗದರಿ, ಜೀಪಿನ ಹಿಂದಿನ ಸೀಟಿಗೆ ಅಬ್ಬಾನನ್ನು ಏರಿಸಿದರು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗ ಅಬ್ಬಾ ಎಂದೂ ಇಲ್ಲದಷ್ಟು ಮಾತಾಡಿದರು. ನೋವಿಗೋ ಸೂಜಿಗೋ, ಮಾತು ಸೋರಿದ ಹಾಗೆ ಬರುತ್ತಿತ್ತು. "ಡಿಸ್ಕು ಒಡೆಯೋ ಮುಂಚೆ ಒಂದು ಸ್ವರ ಬರ್ತದೆ ಡಾಕ್ಟ್ರೇ," ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿ ಹೇಳಿದರು. "ಸಣ್ಣ ಕೂಗು. ನನ್ನ ತಮ್ಮನಿಗೆ ಅದು ಕೇಳ್ಲಿಲ್ಲ, ಚೂರು ಹೋಗಿ ಕಣ್ಣಿಗೆ ಹೊಕ್ತು. ಅವತ್ತಿಂದ ನಾನು ಬೇರೆ ಎಂತ ಕೇಳದಿದ್ರೂ ಅದೊಂದಕ್ಕೆ ಕಿವಿ ಇಟ್ಟಿದ್ದೇನೆ. ಇವತ್ತು ಕೂಗ್ತು. ಬಿಟ್ಟೆ. ಬಿಡದಿದ್ರೆ ಮುಖಕ್ಕೇ ಬರ್ತಿತ್ತು. ಕಿವಿ ಹೋಯ್ತು ಕಿವಿ ಹೋಯ್ತು ಅಂತಾರೆ ಇವ್ರೆಲ್ಲ. ಕೇಳ್ಬೇಕಾದ್ದು ಕೇಳ್ತದೆ ನಂಗೆ." ಹೇಳಿ ನಕ್ಕರು. ಅವರ ಮುಖದಲ್ಲಿ ಬೆವರಿನ ನಡುವೆ ಒಂದು ಹೆಮ್ಮೆ ಇತ್ತು, ಮಗನ ಎದುರು ಅವರು ಎಂದೂ ತೋರಿಸದ ಹೆಮ್ಮೆ. ವಸೀಂ ಕಬ್ಬಿಣದ ಮಂಚದ ಕಾಲನ್ನು ನೋಡುತ್ತಿದ್ದ. ಅದರ ಬೆಸುಗೆ ಕೆಟ್ಟದಾಗಿತ್ತು. ಅದು ನಾನು ಅಬ್ಬಾ ಎಂದು ಹೇಳಬೇಕಿತ್ತು, ಈಗಲೇ, ಹೊಲಿಗೆಯ ದಾರ ಮುಗಿಯುವ ಮೊದಲು. ಹೇಳಿದರೆ? ನೀವು ನನ್ನ ಗಿಟಾರು ಕೇಳಿದ್ದು ಒಂದೇ ಒಂದು ಸಲ, ಅದು ನಿಮ್ಮ ಕಾಲು ಕೊಯ್ದಿತು ಎಂದು ಹೇಳಬೇಕು. ತಿರುಗಿ ನೋಡಿದರೆ ಹೂವಪ್ಪಗೌಡರು ಬಾಗಿಲಿಗೆ ಒರಗಿ ಅವನನ್ನೇ ನೋಡುತ್ತಿದ್ದರು. ಎಲ್ಲದಕ್ಕೂ ಒಂದು ಮಾತು ಹೇಳುವ ಮನುಷ್ಯ, ಈಗ ಹೇಳುತ್ತಿಲ್ಲ.

"ನೀ ಹೋಗು," ಎಂದರು ಅಬ್ಬಾ. "ಶೃಂಗೇರಿಗೆ ಹೊತ್ತಾಗ್ತದೆ. ನಿನ್ನ ಅಮ್ಮಿ ಬರ್ತಾಳೆ, ಹೂವಪ್ಪಗೌಡ್ರು ಮನೆಗೆ ಬಿಡ್ತಾರೆ."

"ಬೇಡ ಅಬ್ಬಾ. ಇವತ್ತು..."

"ಎಂತ?"

"ಹೋಗೋದಿಲ್ಲ."

"ಹೋಗು, ಹೋಗು," ಎಂದರು ಕೇಳದವರು. ಅವನು ಹೋದ. ಹೋಗುವ ಮನಸ್ಸು ಇತ್ತು, ಅದಕ್ಕೇ ಹೋದ. ಶೆಡ್ಡಿಗೆ ಬಂದು ನೆಲದ ಮೇಲಿನ ರಕ್ತಕ್ಕೆ ಮರದ ಹೊಟ್ಟು ಸುರಿದು, ಬೂದು ಡಬ್ಬಿಯನ್ನು ಚೀಲಕ್ಕೆ ಹಾಕುವಾಗ ಕೈ ಒಂದಿಷ್ಟೂ ನಡುಗಲಿಲ್ಲ. ನಡುಗಲಿ ಎಂದು ಕಾದು ನೋಡಿದ.

ಹರಿಹರಪುರ ದಾಟುವಾಗ ಬಸ್ಸು ತುಂಬಿತ್ತು. "ಅದಕ್ಕೂ ಒಂದು ಸೀಟಾ, ಮಾರಾಯ?" ಎಂದು ಕಂಡಕ್ಟರ್ ಗಿಟಾರಿನ ಚೀಲವನ್ನು ಮೊಣಕೈಯಿಂದ ತಳ್ಳಿದ. ಬೇರೆ ದಿನವಾಗಿದ್ದರೆ ವಸೀಂ ಅವನ ಕೊರಳಪಟ್ಟಿಗೆ ಕೈ ಹಾಕುತ್ತಿದ್ದ. ಇವತ್ತು ಎದ್ದು ನಿಂತು ಚೀಲವನ್ನು ತಬ್ಬಿಕೊಂಡ. ಅಂಗಿಯ ತೋಳಿನ ತುದಿಯಲ್ಲಿ ಕಂದು ಬಣ್ಣದ ಕಲೆ ಒಣಗಿ ಗಟ್ಟಿಯಾಗಿತ್ತು. ಪಕ್ಕದ ಹೆಂಗಸು ನೋಡಿ, ಸೆರಗನ್ನು ತನ್ನ ಕಡೆಗೆ ಎಳೆದುಕೊಂಡಳು. ತಿರುವಿನಲ್ಲಿ ಬ್ರೇಕು ಕಿರುಚಿದಾಗ ಅವನ ಮೈಯೆಲ್ಲ ಜುಂ ಎಂದಿತು. ಎಲ್ಲಿಂದ ಬಂತು ಅದು? ಇನ್ನೊಂದು ತಿರುವಿಗೆ ಕಾದ. ಮತ್ತೆ ಬಂತು. ಅಬ್ಬಾನನ್ನು ಬೆಚ್ಚಿಸಿದ ಅದೇ ಸ್ವರ, ಅದೇ ಮನೆ, ಅದೇ ಎಳೆ. ಹಾಳಾದ್ದು ಜಗತ್ತಿನಲ್ಲೆಲ್ಲ ಇತ್ತು, ಇಷ್ಟು ದಿನ ಅವನಿಗೆ ಮಾತ್ರ ಕೇಳಿರಲಿಲ್ಲ.

ಶೃಂಗೇರಿಯ ಸಮುದಾಯ ಭವನದಲ್ಲಿ ಬಾಡಿಗೆ ಗಾಡಿ ಚಾಲಕರ ಸಂಘದ ವಾರ್ಷಿಕೋತ್ಸವ. ಊಟ ಮುಗಿಸಿದ ಡ್ರೈವರುಗಳು ಖಾಕಿ ಅಂಗಿಯ ಗುಂಡಿ ಸಡಿಲಿಸಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹರಡಿ ಕೂತಿದ್ದರು. ಯೋಗೇಂದ್ರ ಕೆಂಪು ಮಿಂಚಿನ ಅಂಗಿ ಹಾಕಿ ಕೀಬೋರ್ಡಿನ ಧೂಳು ಒರೆಸುತ್ತಿದ್ದ. ವಸೀಂ ಡಬ್ಬಿಯನ್ನು ಕಾಲ ಬಳಿ ಇಟ್ಟು, "ಮಿಕ್ಸರಲ್ಲಿ ನನ್ನ ಲೈನ್ ಏರಿಸು ಇವತ್ತು" ಎಂದ.

"ಎಷ್ಟು ಏರಿಸಿದ್ರೂ ನಿಂದು ಅಷ್ಟೇ ಅಲ್ವಾ," ಎಂದ ಯೋಗೇಂದ್ರ, ಆದರೂ ಏರಿಸಿದ. "ಅಂಗಿಗೆ ಎಂತ ಮೆತ್ತಿಕೊಂಡು ಬಂದಿದ್ದೀಯ? ಮೀನು ಪೇಟೆಯಿಂದ ಬಂದ ಹಾಗಿದೆ. ಹಿಂದೆ ನಿಲ್ಲು ಸ್ವಲ್ಪ."

ಭವ್ಯ ಮಾತ್ರ ಕಲೆಯನ್ನು ನೋಡಿ, ಮುಖ ನೋಡಿ, "ಯಾರ್ದು?" ಎಂದಳು. ಅವನು ಡಬ್ಬಿಯ ತಿರುಪು ಸರಿಮಾಡುತ್ತ ಕೇಳದವನಂತೆ ಇದ್ದ. ಕೇಳದಿರುವುದು ಎಷ್ಟು ಸುಲಭ ಎಂದು ಆಶ್ಚರ್ಯವಾಯಿತು.

ಮೊದಲ ಹಾಡು ಅವನು ಡಬ್ಬಿ ಒತ್ತಲಿಲ್ಲ. ಎಂದಿನಂತೆ ಯಾರಿಗೂ ಕೇಳಲಿಲ್ಲ. ಎರಡನೆಯದರ ನಡುವೆ, ಡ್ರಮ್ಮು ಪ್ಯಾಡು ಕೀಬೋರ್ಡು ಎಲ್ಲ ಒಟ್ಟಿಗೆ ಬೆಟ್ಟ ಜರಿದ ಹಾಗೆ ಸುರಿಯುವ ಕಡೆ, ಒತ್ತಿದ. ಬಂತು. ಆ ಜರಿತದ ನಡುವಿನಿಂದ ಒಂದು ಕೈ ಮೇಲೆದ್ದ ಹಾಗೆ ಬಂತು. ಮೊದಲ ಸಾಲಿನ ಡ್ರೈವರೊಬ್ಬ ಎಲೆ ಅಗಿಯುವುದನ್ನು ನಿಲ್ಲಿಸಿದ. ಹಿಂದಿನವರು ಫೋನಿನಿಂದ ತಲೆಯೆತ್ತಿದರು. ಯೋಗೇಂದ್ರ ತಿರುಗಿ ನೋಡಿದ, ಹುಬ್ಬೇರಿಸಿದ, ಆಮೇಲೆ, ವಸೀಂ ತನ್ನ ಕಣ್ಣನ್ನೇ ನಂಬಲಿಲ್ಲ, ಕೀಬೋರ್ಡಿನ ಗಿಟಾರನ್ನು ಬಿಟ್ಟು ಕೈ ಹಿಂದೆಗೆದು, ತಲೆಯಾಡಿಸಿ ನಕ್ಕ. ನಿಂದೇ, ಬಾರಿಸು ಎನ್ನುವ ನಗು. ಆ ಜಾಗ ಖಾಲಿಯಾಗಿ, ಪೂರ್ತಿಯಾಗಿ, ಅವನೊಬ್ಬನಿಗಾಗಿ ತೆರೆದಿತ್ತು. ಇದಕ್ಕೇ ಅಲ್ಲವೇ ಅವನು ಬೆರಳು ಸೀಳಿಕೊಂಡದ್ದು. ಅವನು ಮೇಲಕ್ಕೆ ಏರಿದ. ತುದಿಯ ಸಣ್ಣ ಮನೆಗಳಿಗೆ ಬೆರಳು ಹೋಗಬಾರದು ಎಂದುಕೊಂಡಿದ್ದ, ಬಸ್ಸಿನಲ್ಲಿ ಆಣೆ ಹಾಕಿಕೊಂಡಿದ್ದ. ಬೆರಳು ಹೋಯಿತು. ತಂತಿ ಬಾಗಿತು. ಕಿಡಿಯ ಹಿಂದಿನ ತಲೆ ಎದ್ದಿತು, ಬಟ್ಟೆ ಬಿಚ್ಚಿಕೊಂಡಿತು, ಬಿಳಿ, ಆಮೇಲೆ ಕೆಂಪು. ಬೇರೆ ಸ್ವರಕ್ಕೆ ಹೋಗಬೇಕು, ಹಾಡು ಮುಂದೆ ಹೋಗಿದೆ, ಇಳಿ, ಇಳಿ ಎಂದು ಬೆರಳಿಗೆ ಹೇಳಿದ. ಬೆರಳು ಇಳಿಯಲಿಲ್ಲ. ಅದೊಂದನ್ನೇ ಮೀಟಿದ, ಮತ್ತೆ ಮೀಟಿದ, ಡಸ್ಟರಿನಿಂದ ಬಡಿದ ಹಾಗೆ ಮೀಟಿದ. ಭವ್ಯ ಹಾಡು ನಿಲ್ಲಿಸಿ ಅವನ ಕಡೆ ತಿರುಗಿದಳು. ಪ್ಯಾಡಿನವನು ಕೈ ಎತ್ತಿದ. ಡ್ರಮ್ಮು ತಡವರಿಸಿ ನಿಂತಿತು.

ಎಲ್ಲ ನಿಂತ ಮೇಲೆ ಉಳಿದದ್ದು ಅವನ ಸ್ವರ ಒಂದೇ. ಎದುರಿಗೆ ಗದ್ದಲವಿಲ್ಲದೆ ಅದು ಎಷ್ಟು ಸಣ್ಣದಾಗಿ, ಎಷ್ಟು ಹೊಲಸಾಗಿ ಇತ್ತು. ಡಬ್ಬಿಗೆ ಹೊಕ್ಕ ಒಂದು ಹುಳ.

"ಬ್ರೇಕ್ ಲೈನರ್ ಸವೆದಿದೆ, ಗಾಡಿ ಸೈಡಿಗೆ ಹಾಕು ಮಾರಾಯ," ಎಂದು ಹಿಂದಿನಿಂದ ಯಾರೋ ಕೂಗಿದ. ಭವನಕ್ಕೆ ಭವನವೇ ನಕ್ಕಿತು. ಕುರ್ಚಿಗಳು ಅಲುಗಾಡುವಷ್ಟು ನಕ್ಕಿತು. ಯೋಗೇಂದ್ರ ಮೈಕು ಹಿಡಿದು ಬಂದು, ಅವನ ಹೆಗಲ ಮೇಲೆ ಕೈ ಹಾಕಿ, ಕೆಟ್ಟ ಉದ್ದೇಶವೇನೂ ಇಲ್ಲದೆ, ಪ್ರೋಗ್ರಾಮು ಉಳಿಸಿಕೊಳ್ಳುವ ಉಪಾಯದಲ್ಲಿ, "ನಮ್ಮ ಗಿಟಾರ್ ಕಲಾವಿದರಿಗೆ ಸರ್ವಿಸ್ ಮಾಡಿಸದೆ ಕರ್ಕೊಂಡು ಬಂದಿದ್ದೇವೆ, ಸಂಘದವರು ಕ್ಷಮಿಸ್ಬೇಕು" ಎಂದ. ನಗು ಇನ್ನೊಮ್ಮೆ ಎದ್ದಿತು. ವಸೀಂ ಗಿಟಾರನ್ನು ಕೊರಳಿನಿಂದ ತೆಗೆಯಲೂ ಇಲ್ಲ. ಮೈ ತಿರುಗಿಸಿದ, ಅಷ್ಟೇ. ಗಿಟಾರಿನ ತಲೆ, ತಂತಿ ಬಿಗಿಯುವ ಕಬ್ಬಿಣದ ಕಿವಿಗಳಿರುವ ಆ ತುದಿ, ಯೋಗೇಂದ್ರನ ಬಾಯಿಗೆ ಹೋಗಿ ಬಡಿಯಿತು. ಹಲ್ಲು ಮುರಿದ ಸದ್ದು ಮೈಕಿನಲ್ಲಿ ಹೋಗಿ ಸ್ಪೀಕರಿನಲ್ಲಿ ದೊಡ್ಡದಾಗಿ ಬಂತು. ಎರಡನೆಯದು ಅವನು ಎರಡೂ ಕೈಯಲ್ಲಿ ಹಿಡಿದೇ ಹೊಡೆದ. ಮೂರನೆಯದಕ್ಕೆ ಎತ್ತಿದಾಗ ಖಾಕಿ ಅಂಗಿಗಳು ಅವನ ಮೇಲೆ ಬಿದ್ದಿದ್ದವು.

ಪರದೆಯ ಹಿಂದಿನ ಕೋಣೆಯಲ್ಲಿ ಅವನನ್ನು ಬಡಿದರು. ಕೆನ್ನೆಗೆ, ಹೊಟ್ಟೆಗೆ, ಬಾಯಿಗೆ. ಸಿಟ್ಟಿನಿಂದಲ್ಲ, ಕೆಲಸಕ್ಕೆ ಇಳಿದವರ ಹಾಗೆ, ಒಬ್ಬ ಸುಸ್ತಾದರೆ ಇನ್ನೊಬ್ಬ. ಅವನು ಕೈ ಅಡ್ಡ ಹಿಡಿಯಲಿಲ್ಲ. ಇನ್ನೂ ಹೊಡೆಯಿರಿ ಎನ್ನುವ ಹಾಗೆ ಮುಖ ಎತ್ತಿ ಕೊಡುತ್ತಿದ್ದ. ಅದಕ್ಕೇ ಹೊಡೆಯುವವರಿಗೆ ಬೇಜಾರಾಗಿ, "ಮಂಡೆ ಸರಿ ಇಲ್ಲ ಇವನಿಗೆ, ಸ್ಟೇಷನ್ನಿಗೆ ಹೇಳಿದ್ದೇವೆ, ಬರ್ಲಿ" ಎಂದು ಒಬ್ಬನನ್ನು ಕಾವಲಿಟ್ಟು ಹೋದರು. ಕಾವಲಿನವನು ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಒರಗಿಸಿ ನಿಂತ. ಭವ್ಯ ಒಳಗೆ ಬಂದಳು. ಅವಳ ಕೈಯಲ್ಲಿ ವಸೀಂನ ಫೋನು ಇತ್ತು.

"ನಿನ್ನ ಅಬ್ಬಾ. ಆಗಿಂದ ಹೊಡ್ಕೊಳ್ತಾ ಇದೆ." ಸ್ಪೀಕರಿಗೆ ಹಾಕಿ ಅವನ ಕೈಗಿಟ್ಟಳು.

"ವಸೀಂ," ಎಂದು ಅಬ್ಬಾ ಕೂಗಿದರು. ಕೋಣೆಯೆಲ್ಲ ಅವರ ದನಿ ತುಂಬಿತು. "ಡಿಸ್ಕು ಬಿಚ್ಚಿ ತರಿಸಿ ನೋಡ್ದೆ. ಸರಿ ಇದೆ. ಒಂದು ಬಿರುಕಿಲ್ಲ, ಗೀಟಿಲ್ಲ. ಮತ್ತೆ ಕೂಗಿದ್ದು ಎಂತ?"

"ನಾನು ಅಬ್ಬಾ."

"ಎಂತ?"

"ನಾನು. ಗಿಟಾರು. ನಾನೇ." ಒಡೆದ ತುಟಿಯಲ್ಲಿ ಮಾತು ರಕ್ತದೊಟ್ಟಿಗೆ ಬಂತು. ಫೋನನ್ನು ಬಾಯಿಗೆ ಒತ್ತಿ ಹಿಡಿದು ಕೂಗಿದ. ಕಾವಲಿನವನು ಬೆಚ್ಚಿ ಕೊರಳಪಟ್ಟಿಯ ಹಿಡಿತ ಸಡಿಲಿಸಿದ. ಭವ್ಯ ಅವನ ತೋಳಿನ ಕಲೆಯ ಕಡೆ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. ಅವರಿಬ್ಬರಿಗೂ ಕೇಳಿತ್ತು.

"ಬರೀ ಗರಗರ ಅಂತದೆ ನಿನ್ನ ಫೋನು," ಎಂದರು ಅಬ್ಬಾ. ಆಮೇಲೆ ಅವರು ಕೂಗದೆ, ತಮಗೇ ಹೇಳಿಕೊಳ್ಳುವ ಹಾಗೆ ಹೇಳಿದರು: "ಇಲ್ಲದ್ದು ಕೇಳೋಕೆ ಶುರು ಆಯ್ತು ಅನ್ಸ್ತದೆ ನಂಗೆ. ಅದೊಂದು ಇತ್ತು, ಅದೂ ಹೋಯ್ತು. ಇನ್ನು ಮಿಷನ್ ಮುಟ್ಟೋದಿಲ್ಲ ನಾನು."

"ಅಬ್ಬಾ ಇಲ್ಲ. ಸರಿ ಕೇಳಿದ್ದು ನಿಮ್ಗೆ. ಸರಿಯಾಗೇ ಕೇಳಿದ್ದು." ಗಂಟಲು ಹರಿಯುವಷ್ಟು ಕೂಗಿದ. ಅಷ್ಟರಲ್ಲಿ ಪರದೆಯ ಆಚೆ ಡ್ರಮ್ಮು ಮತ್ತೆ ಶುರುವಾಯಿತು. ಪ್ರೋಗ್ರಾಮು ನಿಲ್ಲಿಸುವ ಮನುಷ್ಯನಲ್ಲ ಯೋಗೇಂದ್ರ. ಬಾಯಿಗೆ ಬಟ್ಟೆ ಒತ್ತಿಕೊಂಡು ಒಂದೇ ಕೈಯಲ್ಲಿ ಬಾರಿಸುತ್ತಿರಬೇಕು. ಕೀಬೋರ್ಡು ಎದ್ದಿತು. ಗಿಟಾರಿನ ಟೋನು, ತಪ್ಪಿಲ್ಲದ್ದು, ನಯವಾದದ್ದು, ಭವನದ ಗೋಡೆಗಳನ್ನೆಲ್ಲ ತುಂಬಿ ಈ ಕೋಣೆಗೂ ಬಂತು.

ಅದು ಫೋನಿನೊಳಗೂ ಹೋಯಿತು.

"ಓ," ಎಂದರು ಅಬ್ಬಾ. "ಸ್ಟೇಜಲ್ಲಿದ್ದೀಯಾ? ಯಾರೋ ಎತ್ತಿದ್ರಾ ಫೋನು? ಕೇಳ್ತದೆ. ಗಿಟಾರು ಕೇಳ್ತದೆ ನಂಗೆ." ಅಮ್ಮಿಯನ್ನು ಕರೆದದ್ದು ಕೇಳಿಸಿತು, "ಇಲ್ಲಿ ಬಾ, ನಿನ್ನ ಮಗ ಬಾರಿಸ್ತಾ ಇದ್ದಾನೆ, ಬಾ. ಚೆನ್ನಾಗಿದೆ, ಚೆನ್ನಾಗಿದೆ."

ವಸೀಂ ಫೋನನ್ನು ಬಾಯಿಯಿಂದ ದೂರ ತೆಗೆದ. ಗೋಡೆಯಿಂದ ಬೆನ್ನು ತೆಗೆದು, ಕೊರಳಪಟ್ಟಿ ಹಿಡಿದವನನ್ನೂ ಎಳೆದುಕೊಂಡೇ ಮುಂದೆ ಹೋಗಿ, ಫೋನನ್ನು ಪರದೆಯ ಸಂದಿಗೆ, ದೊಡ್ಡ ಸ್ಪೀಕರಿನ ಕಡೆಗೆ ಮುಖ ಮಾಡಿ ಹಿಡಿದ. ಹಾಡು ಮುಗಿಯುವವರೆಗೂ ಕೈ ಇಳಿಸಲಿಲ್ಲ.